ಮಾತಿಗೆ ಮುಂಚಿನ ಉಸಿರು

ಫೆಬ್ರವರಿ 3

ಬಿಸಿನೀರು ಎರಡು ಲೋಟ. ಅರ್ಧ ಸೇಬು — ಬಾಯಿ ಅಂಟಂಟಾದರೆ ಮೈಕ್ ಬಿಡುವುದಿಲ್ಲ, ಹಿಡಿದುಹಾಕುತ್ತದೆ. ಬಸ್ಸಿನಲ್ಲಿ ತುಟಿ ಬಿಚ್ಚದೆ ಗುಂಯ್‌ಗುಡುತ್ತ ಗಂಟಲು ಬಿಸಿ ಮಾಡಿಕೊಂಡೆ. ಪಕ್ಕದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ ಬೇರೆ ಸೀಟಿಗೆ ಹೋದಳು. ಒಳ್ಳೆಯದೇ ಆಯಿತು, ಚೀಲ ಇಡಲು ಜಾಗ ಸಿಕ್ಕಿತು.

ಇವತ್ತು ಹನ್ನೊಂದನೇ ಅಧ್ಯಾಯ ಮುಗಿಸಿದೆ. ಇನ್ನು ನಾಲ್ಕೇ. ಪುಸ್ತಕ ಜರ್ಮನಿಯ ಹಳೇ ಕಾಲದ ದೊಡ್ಡ ಸಾಹಿತಿಯದು. ಬದುಕು ಹೀಗೆ, ಮನುಷ್ಯ ಹೀಗೆ ಎಂದು ಜೀವಮಾನವೆಲ್ಲ ಕೂತು ಬರೆದಿಟ್ಟ ಮಾತುಗಳು. ನಮ್ಮ ಭಾಷೆಗೆ ಬಂದಿವೆ, ನಾನು ಆಡಿಯೋಬುಕ್ಕಿಗೆ ಓದುತ್ತಿದ್ದೇನೆ. ಸ್ಟುಡಿಯೋದಲ್ಲಿ ನಾವಿಬ್ಬರೂ ಅವನನ್ನು ಜರ್ಮನ್ ಅಜ್ಜ ಎನ್ನುತ್ತೇವೆ — ನಾನು, ಗಾಜಿನ ಆಚೆ ಕೂರುವ ಎಂಜಿನಿಯರ್. ಅಜ್ಜನಿಗೆ ಗೊತ್ತಿಲ್ಲದ ವಿಷಯವಿಲ್ಲ. ಗೆಳೆತನ, ಹೊಟ್ಟೆಕಿಚ್ಚು, ಮುಪ್ಪು, ನೆಂಟರು. ಎಲ್ಲರನ್ನೂ ಎದುರಿಗೆ ನಿಲ್ಲಿಸಿಕೊಂಡು ಜೇಬು ತಡಕಿ ನೋಡುತ್ತಾನೆ. ಬೈಯುವುದಿಲ್ಲ, ಅದೇ ಕಷ್ಟ.

ಎಂಜಿನಿಯರ್ ಕೇಳಿದ — ಮೇಡಂ, ಗಂಟಲು ಸ್ವಲ್ಪ ಗರಗರ ಅಂತಿದೆಯಲ್ಲ? ಇಲ್ಲ ಎಂದೆ. ಇದೆ.

ಫೆಬ್ರವರಿ 6

ಕಿವಿ ಮೇಷ್ಟ್ರ ಪಟ್ಟಿ ಬಂತು. ನಿವೃತ್ತ ಮೇಷ್ಟ್ರು ಅವರು. ಮನೆಯಲ್ಲಿ ಕೂತು ನಾನು ಓದಿದ್ದಷ್ಟನ್ನೂ ಕೇಳಿ ತಪ್ಪು ಹುಡುಕಿ ಕಳಿಸುವುದೇ ಕೆಲಸ. ಮುಖ ನೋಡಿಲ್ಲ. ಎರಡು ಕಿವಿಯಲ್ಲದೆ ಅವರಿಗೆ ಬೇರೆ ಅಂಗಾಂಗ ಇದೆಯೋ ಇಲ್ಲವೋ ಅನುಮಾನ.

ಒಂದು ಕಡೆ ಕುರ್ಚಿ ಕಿರ್ ಎಂದಿದೆಯಂತೆ. ಒಂದು ಕಡೆ ಹೊಟ್ಟೆ ಗುರ್ ಎಂದಿದೆಯಂತೆ. ಅದು ಎಂಜಿನಿಯರ್ ಹೊಟ್ಟೆ ಎಂದು ವಾದಿಸಿದೆ. ಅವನು ಗಾಜಿನ ಆಚೆ ಇದ್ದೆ ಎಂದ. ಸೋತೆ.

ಕೊನೆಯದು ಮಾತ್ರ ಸಿಟ್ಟು ಬರಿಸಿತು. ಅಜ್ಜನ ಒಂದು ಸಾಲಿದೆ, ಹನ್ನೊಂದರಲ್ಲಿ: ‘ನಾವು ಮಾಡಬೇಕಾಗಿದ್ದ ಒಳ್ಳೆಯದನ್ನು ನಮ್ಮ ಬದಲು ಮಾಡಿದವರನ್ನು ನಾವು ಸುಲಭಕ್ಕೆ ಕ್ಷಮಿಸುವುದಿಲ್ಲ.’ ಮೇಷ್ಟ್ರ ಟಿಪ್ಪಣಿ — ‘ಇಲ್ಲಿ ಓದುವವರು ಯಾರ ಜೊತೆಗೋ ಜಗಳ ಆಡುತ್ತಿದ್ದಾರೆ. ಬರೆದವರು ಆಡುತ್ತಿಲ್ಲ. ಮತ್ತೆ ಓದಿಸಿ.’

ಇಷ್ಟು ವರ್ಷ ರೇಡಿಯೋದಲ್ಲಿ ಓದಿದವಳಿಗೆ ಭಾವ ಹೇಳಿಕೊಡಲು ಬಂದರು.

ಫೆಬ್ರವರಿ 7

ಆ ಸಾಲು ಮತ್ತೆ ಓದಿದೆ. ಮೊದಲ ಸಲ ಎಂಜಿನಿಯರ್ ತಲೆಯಾಡಿಸಿದ — ಬೇಡ. ಎರಡನೆಯದು ಇನ್ನೂ ಕೆಟ್ಟದಾಯಿತು. ಮೆತ್ತಗೆ ಓದಿದರೆ ವ್ಯಂಗ್ಯ ಕೇಳಿಸುತ್ತದೆ, ಜೋರಾಗಿ ಓದಿದರೆ ಬೈಗುಳ. ಎಷ್ಟನೆಯದರಲ್ಲೋ ‘ನಮ್ಮ ಬದಲು’ ಎನ್ನುವಾಗ ಧ್ವನಿ ಎರಡಾಗಿ ಸೀಳಿತು. ಆಮೇಲೆ ಬರಲೇ ಇಲ್ಲ. ಬಾಯಿ ತೆರೆದರೆ ಬರೀ ಗಾಳಿ.

ಎಂಜಿನಿಯರ್ ದೀಪ ಆರಿಸಿ, ಮನೆಗೆ ಹೋಗಿ ಮೇಡಂ, ಎಂದ. ಬಸ್ಸಿನಲ್ಲಿ ಅತ್ತೆ. ಯಾರೂ ಸೀಟು ಬಿಟ್ಟು ಹೋಗಲಿಲ್ಲ.

ಫೆಬ್ರವರಿ 10

ಗಂಟಲು ಡಾಕ್ಟರು. ಮೂಗಿನಿಂದ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಎರಡು ಬಿಳಿ ಪಟ್ಟಿ, ಒಂದರ ಅಂಚಿನಲ್ಲಿ ಒಂದು ಚಿಕ್ಕ ಗಂಟು. ಇಷ್ಟು ವರ್ಷ ಅನ್ನ ಹಾಕಿದ್ದು ಇಷ್ಟೇ ಇಷ್ಟು ಮಾಂಸ. ನೋಡಿದರೆ ಗೌರವ ಬರುವ ಹಾಗೇನೂ ಇಲ್ಲ.

ಆಪರೇಷನ್ ಆಗಬೇಕು. ಅಲ್ಲಿಯವರೆಗೆ ಮಾತಿಲ್ಲ. ಪಿಸುಮಾತೂ ಇಲ್ಲ, ಅದು ಇನ್ನೂ ಕೆಟ್ಟದ್ದಂತೆ. ಆಪರೇಷನ್ ಆದಮೇಲೂ ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿರಬೇಕು. ಧ್ವನಿ ಮೊದಲಿನ ಹಾಗೇ ಬರುತ್ತದಾ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಡಾಕ್ಟರು ಸುಳ್ಳು ಹೇಳಲಿಲ್ಲ. “ಬರಬಹುದು. ಸ್ವಲ್ಪ ಬೇರೆ ಥರಾನೂ ಬರಬಹುದು. ಯಾವುದು ಬಂದ್ರೂ ಅದೇ ನಿಮ್ಮದು.”

ಹೆದರಿಕೆ ಆಗಿದೆ. ಇಲ್ಲಿ ಬರೆದಿಡುತ್ತೇನೆ, ಬೇರೆ ಎಲ್ಲೂ ಹೇಳುವ ಹಾಗಿಲ್ಲವಲ್ಲ.

ಫೆಬ್ರವರಿ 14

ಇವರು ಮಕ್ಕಳ ಸ್ಲೇಟು ತಂದುಕೊಟ್ಟರು. ಬರೆದು, ಎಳೆದರೆ ಅಳಿಸಿಹೋಗುವಂಥದ್ದು. ನಾನು ಬರೆದು ಮುಗಿಸುವಷ್ಟರಲ್ಲಿ ಇವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ.

ಮದುವೆಯಾದಾಗಿನಿಂದ ಇವರು ಮಾತು ಕಡಿಮೆ ಎಂದೇ ನಂಬಿದ್ದೆ. ಈಗ ನೋಡಿದರೆ ಮನುಷ್ಯನಿಗೆ ಜಾಗ ಸಿಕ್ಕಿರಲಿಲ್ಲ, ಅಷ್ಟೆ. ಕನ್ನಡಕದ ಅಂಗಡಿಯಿಂದ ಬಂದವರೇ ಶುರು. ಯಾರ ಪವರ್ ಎಷ್ಟು ಏರಿತು, ಯಾರು ಕನ್ನಡಕದ ಮೇಲೆ ಕೂತರು, ಎದುರಂಗಡಿಯವನ ಕೊಬ್ಬು. ನಡುವೆ ನನ್ನ ಮುಖ ನೋಡಿ, ಅಲ್ವಾ, ಎನ್ನುತ್ತಾರೆ. ನಾನು ಒಪ್ಪಿದೆ ಎಂದು ಅವರೇ ತೀರ್ಮಾನಿಸಿ ಮುಂದುವರಿಯುತ್ತಾರೆ. ಅಜ್ಜನ ಪುಸ್ತಕದಲ್ಲಿ ಇದಕ್ಕೊಂದು ಅಧ್ಯಾಯವಿರಬೇಕಿತ್ತು.

ಸಂಜೆ ಎಂಜಿನಿಯರ್ ಬಂದಿದ್ದ. ಪ್ರಕಾಶಕರು ಕಾಯುವುದಿಲ್ಲವಂತೆ. ಬಿಡುಗಡೆಯ ದಿನ ಜಾಹೀರಾತು ಮಾಡಿಯಾಗಿದೆ. ಉಳಿದ ನಾಲ್ಕು ಅಧ್ಯಾಯಕ್ಕೆ ಬೇರೆ ಧ್ವನಿ ಹಾಕಿದರೆ ಕೇಳುವವರು ಒಪ್ಪುವುದಿಲ್ಲ; ಹಾಗಾಗಿ ಬೇರೆಯವರ ಕೈಲಿ ಮೊದಲಿಂದ ಓದಿಸುತ್ತಾರೆ. ಅಂದರೆ ನಾನು ಓದಿದ್ದೆಲ್ಲ ತೊಟ್ಟಿಗೆ. ಗಂಟಲು ಹೋದದ್ದು ಈ ಪುಸ್ತಕಕ್ಕೆ. ಆಮೇಲೆ ಬರುವ ಧ್ವನಿ ಹೇಗಿರುತ್ತದೋ. ಈ ಧ್ವನಿಯ ಕೊನೆಯ ಕೆಲಸ ಇದೇ ಇದ್ದರೂ ಇರಬಹುದು.

ಅವನು ಟೀ ಮುಗಿಸಿ, ಕಪ್ಪು ಕೆಳಗಿಟ್ಟು, ಎಲ್ಲೋ ನೋಡುತ್ತ ಹೇಳಿದ. “ಮೇಡಂ, ಒಂದ್ಸಲ ನಿಮ್ಮ ಅಮ್ಮನ ನಂಬರಿಗೆ ಫೋನ್ ಮಾಡಿ ಮಾರನೇ ದಿನದ ಟೈಮ್ ಎಲ್ಲಾ ಮಾತಾಡಿ ಇಟ್ಟಿದ್ದೆ, ನೆನಪಿದೆಯಾ? ನೀವು ಬರಲೇ ಇಲ್ಲ. ಆಮೇಲೆ ಗೊತ್ತಾಯ್ತು, ನಾನು ಮಾತಾಡಿದ್ದು ನಿಮ್ಮ ತಂಗಿ ಹತ್ರ.”

ಸ್ಲೇಟಿನಲ್ಲಿ ‘ಬೇಡ’ ಎಂದು ಬರೆದೆ. ಅಳಿಸಲಿಲ್ಲ. ಅವನು ಹೋಗುವವರೆಗೂ ಹಾಗೇ ಎದುರಿಗೆ ಇಟ್ಟುಕೊಂಡಿದ್ದೆ.

ಫೆಬ್ರವರಿ 15

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬಾಯಿ ಮುಚ್ಚಿದರೆ ಕೈ ಸುಮ್ಮನಿರುವುದಿಲ್ಲ.

ಅಮ್ಮ ಕೊನೆಗಾಲಕ್ಕೆ ತಂಗಿಯ ಮನೆಯಲ್ಲಿದ್ದಳು. ಕಣ್ಣು ಪೂರ್ತಿ ಹೋಗಿತ್ತು, ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ನಾನು ಬೇರೆ ಊರಿನಲ್ಲಿ, ದೊಡ್ಡ ಧಾರಾವಾಹಿಯೊಂದರ ಕೆಲಸ. ಬಿಡುವು ಸಿಕ್ಕಾಗ ಬರುತ್ತಿದ್ದೆ. ಇನ್ನೂ ದಿನ ಇದೆ ಎಂದುಕೊಂಡಿದ್ದೆ. ಇರಲಿಲ್ಲ.

ಅಮ್ಮ ಹೋದಮೇಲೆ ಬಂದವರ ನಡುವೆ ಕೂತಿದ್ದಾಗ ಪಕ್ಕದ ಮನೆಯಾಕೆ ನನ್ನ ಕೈ ಹಿಡಿದುಕೊಂಡಳು. “ನಿಮ್ಮಂಥ ಮಗಳು ಸಿಗಬೇಕು ನೋಡಿ. ಅಷ್ಟು ದೂರದಿಂದ ದಿನಾ ಸಾಯಂಕಾಲ ಬಂದು ಕೂತ್ಕೋತಿದ್ರಂತೆ. ನಿಮ್ಮಮ್ಮ ಬಾಯಿತುಂಬ ಹೇಳ್ತಿದ್ರು.”

ನಾನು ತಂಗಿಯ ಕಡೆ ನೋಡಿದೆ. ಅವಳು ಎದ್ದು ಅಡುಗೆಮನೆಗೆ ಹೋದಳು.

ವಿಷಯ ಇಷ್ಟೇ. ಅಮ್ಮ, ದೊಡ್ಡವಳು ಬಂದಳಾ, ದೊಡ್ಡವಳು ಬಂದಳಾ ಎಂದು ಕೇಳುತ್ತಿದ್ದಳಂತೆ. ಒಂದು ದಿನ ತಂಗಿ ಹೊರಗೆ ಹೋಗಿ, ಗೇಟು ಸದ್ದು ಮಾಡಿ, ಚಪ್ಪಲಿ ಎಳೆದುಕೊಂಡು ಒಳಗೆ ಬಂದು ‘ಅಮ್ಮಾ, ಬಂದೆ’ ಎಂದಳಂತೆ. ನನ್ನ ಧಾಟಿಯಲ್ಲಿ. ನಮ್ಮಿಬ್ಬರ ಧ್ವನಿ ಹುಟ್ಟಿನಿಂದಲೇ ಒಂದು. ಆಮೇಲೆ ಅದು ದಿನಚರಿಯಾಯಿತು. ಬೆಳಗಿನಿಂದ ತಂಗಿ, ಸಂಜೆ ಒಂದು ಗಳಿಗೆ ನಾನು.

ಕಣ್ಣಿಲ್ಲದವಳಿಗೆ ಮೋಸ ಮಾಡಿದೆ ಎಂದೆ. ನನ್ನ ಅಮ್ಮನ ಕೊನೆಯ ಮಾತುಗಳನ್ನು ನನ್ನ ಹೆಸರಿನಲ್ಲಿ ನುಂಗಿದೆ, ಕಳ್ಳಿ, ಎಂದೆ. ಅವಳು, ನೀನು ಬಂದಿದ್ದರೆ ನನಗೇಕೆ ಈ ನಾಟಕ, ಎಂದಳು. ಅಲ್ಲಿಂದ ಮಾತಿಲ್ಲ. ಎಷ್ಟೋ ವರ್ಷ ಆಯಿತು.

ಜರ್ಮನ್ ಅಜ್ಜನಿಗೆ ಆ ಸಾಲು ಬರೆಯಲು ನನ್ನ ಮನೆಯೇ ಬೇಕಾಗಿತ್ತೇ.

ಫೆಬ್ರವರಿ 18

ಪ್ರಕಾಶಕರು ಬೇರೆ ಓದುಗಿಯನ್ನು ಕರೆಸಿ ಸ್ಯಾಂಪಲ್ ತೆಗೆದರಂತೆ. ಕೇಳಿಸಿಕೊಂಡೆ. ಚೆನ್ನಾಗಿದೆ. ಅಜ್ಜನನ್ನು ಸಿಹಿ ಹಂಚುವವನ ಹಾಗೆ ಓದಿದ್ದಾಳೆ.

ಸ್ಲೇಟಿನಲ್ಲಿ ಬರೆದು ಇವರ ಮುಂದೆ ಹಿಡಿದೆ — ‘ಅವಳನ್ನು ಕೇಳಿ.’ ಯಾರನ್ನು ಎಂದು ಕೇಳಲಿಲ್ಲ ಇವರು. ನಂಬರ್ ಹುಡುಕಲೂ ಇಲ್ಲ. ಬೆರಳು ತಾನಾಗಿ ಒತ್ತಿತು. “ಹೂಂ, ಭಾವನೇ. ಊಟ ಆಯ್ತಾ? ಮೊನ್ನೆ ಹೇಳಿದ್ದ ಮಂಡಿನೋವು ಹೇಗಿದೆ?” ಎಂದು ಶುರು ಮಾಡಿದಾಗ ನಾನು ನೋಡುತ್ತಿದ್ದೇನೆ ಎಂದು ನೆನಪಾಗಿ ಬಾಲ್ಕನಿಗೆ ಹೋದರು.

ಹೀಗೆ. ಅಂಗಡಿಯಲ್ಲಿ ಕೂತು ಇಷ್ಟು ವರ್ಷ ನಾದಿನಿಯ ಮಂಡಿ ವಿಚಾರಿಸುತ್ತಿದ್ದಾರೆ.

ಒಪ್ಪಿದಳಂತೆ. ಒಂದೇ ಷರತ್ತು: ಓದುವಷ್ಟು ದಿನವೂ ನಾನು ಅಲ್ಲೇ ಕೂತಿರಬೇಕು.

ಫೆಬ್ರವರಿ 22

ಅವಳು ನನಗಿಂತ ಮೊದಲೇ ಬಂದಿದ್ದಳು. ನನ್ನ ಕುರ್ಚಿಯನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಿದ್ದಳು. ಕೂದಲು ಪೂರ್ತಿ ಬೆಳ್ಳಗೆ. ಬಣ್ಣ ಹಾಕುವುದಿಲ್ಲ, ಹಟಮಾರಿ.

“ಹೇಗಿದ್ದೀಯಾ ಅಂತ ಕೇಳೋ ಹಾಗೂ ಇಲ್ಲ ನಿನ್ನ,” ಎಂದಳು. ಅಷ್ಟೆ.

ಅವಳಿರುವುದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ. ನೋವಿನಲ್ಲಿ ಫೋನ್ ಮಾಡುವವರನ್ನು ಸಮಾಧಾನಪಡಿಸಿ ಟೈಮ್ ಕೊಡುವ ಕೆಲಸ. ಅದೇ ಧಾಟಿಯಲ್ಲಿ ಅಜ್ಜನನ್ನು ಓದಲು ಕೂತಳು. ನಾನು ಹೆಡ್‌ಫೋನ್ ಹಾಕಿಕೊಂಡೆ.

ನನ್ನ ಧ್ವನಿ. ನಾನು ಬಾಯಿ ಮುಚ್ಚಿಕೊಂಡಿದ್ದೇನೆ, ನನ್ನ ಧ್ವನಿ ಗಾಜಿನ ಆಚೆಯಿಂದ ಬರುತ್ತಿದೆ. ಎಂಜಿನಿಯರ್ ನನ್ನ ಕಡೆ ತಿರುಗಲೇ ಇಲ್ಲ, ತಿರುಗಬಾರದು ಎಂದು ಅವನಿಗೂ ಗೊತ್ತಾಗಿರಬೇಕು.

ಮೊದಮೊದಲು ಓಡಿದಳು. ಸ್ಲೇಟಿನಲ್ಲಿ ‘ನಿಧಾನ’ ಎಂದು ಬರೆದು ಗಾಜಿಗೆ ಹಿಡಿದೆ. ನೋಡದವಳ ಹಾಗೆ ಓದಿದಳು, ಆದರೆ ನಿಧಾನವಾಗಿ. ಮೈಕ್‌ನಿಂದ ಮುಖ ಎಷ್ಟು ದೂರ ಇಡಬೇಕು, ಸಾಲಿನ ಕೊನೆಯನ್ನು ಎಲ್ಲಿ ಬಿಡಬೇಕು — ಸಂಜೆಯ ಹೊತ್ತಿಗೆ ಕಲಿತಳು. ಬೇಗ ಕಲಿಯುತ್ತಾಳೆ, ಮೊದಲಿನಿಂದಲೂ. ನನಗೆ ಒಳಗೊಳಗೇ ಉರಿಯಿತು.

ಫೆಬ್ರವರಿ 23

ಕ್ಯಾಂಟೀನು. ಅವಳಿಗೆ ಟೀ, ನನಗೆ ಉಗುರುಬೆಚ್ಚಗಿನ ನೀರು. ಬೇರೆ ಯಾರೂ ಇರಲಿಲ್ಲ.

ನಾನು ಇಲ್ಲಿ ಕೂತಿರಬೇಕು ಎಂದು ಯಾಕೆ ಷರತ್ತು ಹಾಕಿದಳೋ ಇವತ್ತು ತಿಳಿಯಿತು. “ನಿನಗೆ ಬಾಯಿ ಇದ್ದಿದ್ರೆ ನಾನು ಇದನ್ನ ಹೇಳೋಕೆ ಆಗ್ತಿರ್ಲಿಲ್ಲ. ಮಧ್ಯ ನೀನು ಬಾಯಿ ಹಾಕ್ತಿದ್ದೆ. ಈಗ ಕೇಳು,” ಎಂದಳು. ಸ್ಲೇಟನ್ನೂ ತನ್ನ ಕಡೆ ಎಳೆದುಕೊಂಡು ಅದರ ಮೇಲೆ ಟೀ ಕಪ್ಪಿಟ್ಟಳು.

ನೆನಪಿರುವಷ್ಟು ಅವಳ ಮಾತಿನಲ್ಲೇ ಬರೆಯುತ್ತೇನೆ.

“ಮುಟ್ಟಿದ್ರೆ ಗೊತ್ತಾಗತ್ತೆ ಅಂತ ದೂರ ಕುರ್ಚಿ ಹಾಕ್ಕೊಂಡು ಕೂರ್ತಿದ್ದೆ. ಅಮ್ಮ ನಿನ್ನ ಹತ್ರ ಏನು ಮಾತಾಡ್ತಿದ್ಲು ಅಂತ ಒಂದು ದಿನಾನೂ ಕೇಳಲಿಲ್ಲ ನೀನು. ನನ್ನ ಬಗ್ಗೆ ಮಾತಾಡ್ತಿದ್ಲು. ‘ಚಿಕ್ಕವಳು ನನ್ನ ಮಗು ಥರ ನೋಡ್ಕೋತಾಳೆ. ಬೈತಾಳೆ, ಆದ್ರೆ ಕೈ ಮೆತ್ತಗೆ. ನಾನು ಅವಳಿಗೆ ಒಂದು ಒಳ್ಳೆ ಮಾತು ಹೇಳಿದೋಳಲ್ಲ, ಹೇಳೋಕೆ ಹೋದ್ರೆ ಬಾಯಿ ಬರಲ್ಲ. ನೀನೂ ಹೇಳ್ಬೇಡ, ತಿಳ್ಕೊಂಡಿರು’ ಅಂತ. ಹೀಗೆ. ದಿನಾ ಇಂಥದ್ದೇ ಏನಾದ್ರೂ.”

ಕಪ್ಪನ್ನು ಸ್ಲೇಟಿನ ಮೇಲೆ ಒಂದು ಸುತ್ತು ತಿರುಗಿಸಿದಳು.

“ಅದು ನನಗೆ ಹೇಳಿದ ಮಾತಲ್ಲ ಅಕ್ಕಾ. ನಿನಗೆ ಹೇಳಿದ್ದು. ನಾನು ಕದ್ದು ಕೇಳಿಸಿಕೊಂಡೆ. ಒಂದೇ ಒಂದ್ಸಲ ನನ್ನ ಮುಖಕ್ಕೆ ಹೇಳಿದ್ದಿದ್ರೆ ಸಾಕಿತ್ತು. ನೀನು ನನ್ನ ಕಳ್ಳಿ ಅಂದಿದ್ದು ಸರಿಯಾಗೇ ಇತ್ತು, ಅದಕ್ಕೇ ಅಷ್ಟು ಸಿಟ್ಟು ಬಂತು.”

ಕಪ್ಪೆತ್ತಿ ಸ್ಲೇಟನ್ನು ನನ್ನ ಕಡೆ ತಳ್ಳಿದಳು. ಮೇಲೆ ಟೀಯ ಉಂಗುರ ಬಿದ್ದಿತ್ತು. ‘ಟೀ ಆರುತ್ತದೆ’ ಎಂದು ಬರೆದೆ. ಅವಳು ನಕ್ಕಳು. ಕಣ್ಣು ಒದ್ದೆ.

ಫೆಬ್ರವರಿ 26

ನಾಲ್ಕೂ ಅಧ್ಯಾಯ ಮುಗಿದವು. ಕೊನೆಯಲ್ಲಿ ಎಂಜಿನಿಯರ್ ಹನ್ನೊಂದರ ಆ ಬಾಕಿ ಸಾಲನ್ನು ಅವಳ ಮುಂದಿಟ್ಟ. ಇದೊಂದು ಅಕ್ಕಂದು ಉಳಿದುಬಿಟ್ಟಿದೆ, ಓದಿಬಿಡಿ, ಎಂದ. ನಾನು ಹೆಡ್‌ಫೋನ್ ತೆಗೆಯಬೇಕು ಎಂದುಕೊಂಡೆ. ತೆಗೆಯಲಿಲ್ಲ.

ಒಂದು ಸಲ ಮನಸ್ಸಿನಲ್ಲೇ ಓದಿಕೊಂಡಳು. ಗಾಜಿನ ಆಚೆಯಿಂದ ನನ್ನ ಕಡೆ ನೋಡಿದಳು. ಆಮೇಲೆ ಓದಿದಳು, ಒಂದೇ ಟೇಕು. ಜಗಳವಿಲ್ಲ, ಅಳುವಿಲ್ಲ. ನಾಳೆ ಹತ್ತು ಗಂಟೆಗೆ ಬನ್ನಿ, ಡಾಕ್ಟರು ಇರುತ್ತಾರೆ, ಎನ್ನುವ ಹಾಗೆ. ನನ್ನ ಗಂಟಲಿನಿಂದ ಎಷ್ಟು ಸಲ ಓದಿದರೂ ಬಾರದ್ದು ನನ್ನದೇ ಧ್ವನಿಯಲ್ಲಿ ಬಂತು.

ಅಜ್ಜ ಬೈಯುತ್ತಿರಲಿಲ್ಲ. ಮೇಷ್ಟ್ರು ಹೇಳಿದ್ದು ಸರಿ.

ಮಾರ್ಚ್ 3

ನಿನ್ನೆ ಆಪರೇಷನ್ ಆಯಿತು. ಗಂಟಲು ಉರಿ. ಗಂಟನ್ನು ಪರೀಕ್ಷೆಗೆ ಕಳಿಸಿದ್ದಾರೆ, ಹೆದರುವಂಥದ್ದಲ್ಲ ಎಂದರು ಡಾಕ್ಟರು. ಇವರು ಪಕ್ಕದಲ್ಲಿ ಕೂತು ಎದುರಂಗಡಿಯವನ ಕಥೆ ಮುಂದುವರಿಸಿದ್ದಾರೆ. ಹಿತವಾಗಿದೆ.

ಮಾರ್ಚ್ 6

ಎಂಜಿನಿಯರ್ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ನನ್ನದೆಲ್ಲಿ ಮುಗಿಯಿತು, ಅವಳದೆಲ್ಲಿ ಶುರುವಾಯಿತು ಹೇಳಿ ಎಂದು ಹೆಡ್‌ಫೋನ್ ಕಿವಿಗೆ ಹಾಕಿದ. ಹೇಳಲಾಗಲಿಲ್ಲ. ನನಗೇ.

ಇದು ಸರಿಮಾಡಿದ್ದು, ಎಂದ. ಮೊದಲು ಕಳಿಸಿದ್ದನ್ನು ಕಿವಿ ಮೇಷ್ಟ್ರು ವಾಪಸ್ ಮಾಡಿದರಂತೆ. ಅವರಿಗೆ ಯಾರೂ ವಿಷಯ ಹೇಳಿರಲಿಲ್ಲ. ಟಿಪ್ಪಣಿ ತೋರಿಸಿದ — ‘ಹನ್ನೆರಡರಿಂದ ಮುಂದೆ ಧ್ವನಿ ಅದೇ, ಉಸಿರು ಬೇರೆ. ಮಾತಿಗೆ ಮುಂಚೆ ಬಾಯಿಂದ ಸಣ್ಣಗೆ ಎಳೆದುಕೊಳ್ಳುತ್ತಾರೆ. ಹಿಂದೆ ಹೀಗಿರಲಿಲ್ಲ. ಇವರು ಬೇರೆಯವರೇ?’

ಎಂಜಿನಿಯರ್ ಏನು ಮಾಡಿದ ಎಂದರೆ, ನಾನು ಓದಿದ ಅಧ್ಯಾಯಗಳಿಂದ ನನ್ನ ಉಸಿರುಗಳನ್ನೆಲ್ಲ ಕತ್ತರಿಸಿ ತೆಗೆದು, ಅವಳ ಉಸಿರು ಇದ್ದಲ್ಲೆಲ್ಲ ಅಂಟಿಸಿದ. ನಾನು ಮೂಗಿನಿಂದ ಸದ್ದಿಲ್ಲದೆ ಎಳೆದುಕೊಳ್ಳುತ್ತೇನೆ, ರೇಡಿಯೋದ ಅಭ್ಯಾಸ. “ಈಗ ನಿಮ್ಮ ಉಸಿರು, ಅವರ ಮಾತು ಮೇಡಂ. ಯಾವ ಮೇಷ್ಟ್ರಿಗೂ ಸಿಕ್ಕಲ್ಲ,” ಎಂದು ಹೆಮ್ಮೆಪಟ್ಟ.

ಮೊದಲಿನದು ಹಾಕು ಎಂದು ಸ್ಲೇಟಿನಲ್ಲಿ ಬರೆದೆ. ಹಾಕಿದ.

ಪ್ರತಿ ಸಾಲಿನ ಮುಂದೆ ಅವಳದೊಂದು ಸಣ್ಣ ಉಸಿರು. ಅರ್ಧಕ್ಕೆ ತಡೆದು, ಮತ್ತೆ ಒಳಗೆ ಹೋಗುವಂಥದ್ದು. ಸ್ಟುಡಿಯೋದಲ್ಲಿ ನಾನು ಧ್ವನಿಯೊಂದನ್ನೇ ಕೇಳಿದ್ದೆ, ಇದನ್ನು ಕೇಳಿಸಿಕೊಂಡಿರಲಿಲ್ಲ. ಚಿಕ್ಕವಳಿದ್ದಾಗ ಅವಳಿಗೆ ದಮ್ಮಿನ ಕಾಟ. ಆಮೇಲೆ ವಾಸಿಯಾಯಿತು, ಆ ತಡೆ ಮಾತ್ರ ಉಳಿದುಕೊಂಡಿತು. ಅಮ್ಮ ಅವಳ ಹಾಸಿಗೆಯ ಪಕ್ಕ ಕೂತು ಆ ಉಸಿರನ್ನೇ ಆಲಿಸುತ್ತಿದ್ದಳು. ಪಾತ್ರೆ ತೊಳೆಯುವಾಗಲೂ ಕೈ ನಿಲ್ಲಿಸಿ, ಒಳಗಿನ ಕೋಣೆಯ ಕಡೆ ಕಿವಿಗೊಟ್ಟು, ಸರಿ ಇದೆ ಎಂದುಕೊಂಡು ಮತ್ತೆ ಕೈ ಆಡಿಸುತ್ತಿದ್ದಳು.

ಮುಖ ಕಾಣದ ಮೇಷ್ಟ್ರಿಗೆ ತಿಳಿದದ್ದು ಅಮ್ಮನಿಗೆ ತಿಳಿಯಲಿಲ್ಲವೇ?

ಎಂಜಿನಿಯರ್ ಏನೋ ಕೇಳುತ್ತಿದ್ದ. ಯಾವುದನ್ನು ಇಟ್ಟುಕೊಳ್ಳಲಿ ಎಂದು. ಆಮೇಲೆ ಹೇಳುತ್ತೇನೆ ಎಂದು ಬರೆದು ಕಳಿಸಿಬಿಟ್ಟೆ.

ಮಾರ್ಚ್ 7

ತಿಳಿದಿತ್ತು. ಅಮ್ಮನಿಗೆ ಮೊದಲ ದಿನವೇ ತಿಳಿದಿತ್ತು. ಎಷ್ಟು ದೂರ ಕುರ್ಚಿ ಹಾಕಿಕೊಂಡರೇನು. ಗೇಟಿನ ಸದ್ದು, ಚಪ್ಪಲಿ ಎಳೆದದ್ದು, ಎಲ್ಲ ಕೇಳಿ, ಕೊನೆಗೆ ಆ ಉಸಿರನ್ನೂ ಕೇಳಿ, ಸುಮ್ಮನಿದ್ದಳು.

ಹಾಗಾದರೆ ಆ ಮಾತುಗಳೆಲ್ಲ ಅವಳಿಗೇ ಹೇಳಿದ್ದು. ಚಿಕ್ಕವಳ ಮುಖಕ್ಕೇ. ಬೇರೆ ದಾರಿಯಲ್ಲಿ ಬಾಯಿ ಬರುತ್ತಿರಲಿಲ್ಲ ಅಮ್ಮನಿಗೆ. ದೊಡ್ಡವಳು ಎಂದು ಕರೆದು ಚಿಕ್ಕವಳಿಗೆ ಹೇಳಿದಳು.

ತಂಗಿಗೆ ಇದು ಗೊತ್ತಿಲ್ಲ. ನನಗೊಬ್ಬಳಿಗೇ ಗೊತ್ತು.

ಸಂತೋಷ ಆಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಅಮ್ಮ ನನಗೆಂದು ಏನೋ ಬಿಟ್ಟುಹೋಗಿದ್ದಾಳೆ, ಇವಳು ಕಿತ್ತುಕೊಂಡಳು ಎಂದಾದರೂ ಇತ್ತು. ಈಗ ಅದೂ ಇಲ್ಲ. ನಾನು ಬರಲಿಲ್ಲ ಎಂದು ಅಮ್ಮನಿಗೆ ದಿನಾ ಗೊತ್ತಿತ್ತು. ನನಗೆಂದು ಒಂದು ಮಾತೂ ಇರಲಿಲ್ಲ.

ಮಾರ್ಚ್ 15

ಏನೂ ಬರೆದಿಲ್ಲ ಇಷ್ಟು ದಿನ. ಬರೆದರೆ ಇದನ್ನೇ ಬರೆಯಬೇಕು.

ಮೊನ್ನೆ ತಂಗಿ ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದಳು. ಇವರಿಬ್ಬರೂ ಮಂಡಿ, ಸೊಂಟ, ಎದುರಂಗಡಿಯವನು ಎಂದು ಹರಟಿದರು. ಸ್ಲೇಟು ನನ್ನ ತೊಡೆಯ ಮೇಲೇ ಇತ್ತು. ‘ಅಮ್ಮನಿಗೆ ಗೊತ್ತಿತ್ತು, ಅದೆಲ್ಲ ನಿನಗೇ ಹೇಳಿದ್ದು’ — ಬರೆಯಲು ಎಷ್ಟು ಹೊತ್ತು. ಬರೆಯಲಿಲ್ಲ. ಇಂಥದ್ದನ್ನು ಬಾಯಿಂದ ಹೇಳಬೇಕು, ಧ್ವನಿ ಬರಲಿ, ಎಂದು ನನಗೆ ನಾನೇ ಹೇಳಿಕೊಂಡೆ. ಒಳ್ಳೆಯ ನೆಪ. ಡಾಕ್ಟರ ಚೀಟಿಯೂ ಇದೆ.

ಹೇಳದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅವಳು ತನ್ನನ್ನು ಕಳ್ಳಿ ಎಂದುಕೊಂಡು ಇರುತ್ತಾಳೆ, ಇಷ್ಟು ವರ್ಷ ಇದ್ದ ಹಾಗೆ. ನಾನು ಅಕ್ಕನಾಗಿಯೇ ಇರುತ್ತೇನೆ, ಒಂದು ಮೆಟ್ಟಿಲು ಮೇಲೆ.

ಅವಳು ಹೊರಡುವಾಗ, ನಿನ್ನ ಧ್ವನಿ ಬಂದಮೇಲೆ ಮೊದಲು ಯಾರಿಗೆ ಬೈತೀಯಾ, ಎಂದು ಕೇಳಿದಳು. ಇವರ ಕಡೆ ಕೈ ತೋರಿಸಿದೆ.

ಮಾರ್ಚ್ 18, ಬೆಳಿಗ್ಗೆ

ಡಾಕ್ಟರು ನೋಡಿದರು. ಗಾಯ ಮಾಗಿದೆ. ಪರೀಕ್ಷೆಯಲ್ಲೂ ಏನೂ ಇಲ್ಲ. ಇವತ್ತು ಸ್ವಲ್ಪ ಮಾತಾಡಬಹುದು, ಸ್ವಲ್ಪ ಎಂದರೆ ಸ್ವಲ್ಪವೇ. “ಯಾರ ಹತ್ರ ಅಂತ ಯೋಚನೆ ಮಾಡಿಟ್ಕೊಳ್ಳಿ,” ಎಂದು ನಕ್ಕರು. ಅಲ್ಲೇ ‘ಆ’ ಎನ್ನಿಸಿದರು. ಬಂತು. ಸ್ವಲ್ಪ ಕೆಳಗಿಳಿದಿದೆ, ಅಂಚು ಒರಟು. ಮೊದಲಿನದಲ್ಲ. ಇನ್ನು ಫೋನಿನಲ್ಲಿ ಯಾರೂ ನಮ್ಮಿಬ್ಬರನ್ನು ಅದಲುಬದಲು ಮಾಡಿಕೊಳ್ಳುವುದಿಲ್ಲ.

ಬಸ್ಸಿನಲ್ಲಿ ಬರುವಾಗ ಪಕ್ಕದ ಮನೆಯಾಕೆ ನೆನಪಾದಳು. ಕಾರಣವಿಲ್ಲದೆ. ‘ದಿನಾ ಸಾಯಂಕಾಲ ಬಂದು ಕೂತ್ಕೋತಿದ್ರಂತೆ. ನಿಮ್ಮಮ್ಮ ಬಾಯಿತುಂಬ ಹೇಳ್ತಿದ್ರು.’ ಇಷ್ಟು ವರ್ಷ ಈ ಮಾತಿನಿಂದ ಮೈ ಉರಿಸಿಕೊಂಡಿದ್ದೆ.

ಅಮ್ಮನಿಗೆ ಗೊತ್ತಿತ್ತು. ಬರುತ್ತಿರುವುದು ನಾನಲ್ಲ ಎಂದು ಗೊತ್ತಿದ್ದೂ ಬೀದಿಯವರಿಗೆ ಹಾಗೆ ಹೇಳಿದಳು. ದೊಡ್ಡವಳು ಬರಲೇ ಇಲ್ಲ ಎಂದು ನಾಳೆ ಯಾರೂ ಆಡಿಕೊಳ್ಳಬಾರದು ಎಂದು.

ಅದು ನನ್ನ ಪಾಲು. ಯಾರೂ ಕಿತ್ತುಕೊಂಡಿರಲಿಲ್ಲ. ನನ್ನ ಕೈಗೇ ತಂದುಕೊಟ್ಟಿದ್ದರು, ನಾನು ಬಿಸಾಡಿದ್ದೆ.

ಸ್ಟಾಪು ತಪ್ಪಿತು. ಎರಡು ಸ್ಟಾಪು ಹಿಂದಕ್ಕೆ ನಡೆದು ಬಂದೆ.

ಮಾರ್ಚ್ 18, ಮಧ್ಯಾಹ್ನ

ಎಂಜಿನಿಯರ್‌ಗೆ ಮೆಸೇಜ್ ಹಾಕಿದೆ — ನನ್ನ ಉಸಿರೆಲ್ಲ ತೆಗೆದುಹಾಕು, ಅವಳದನ್ನು ಇದ್ದ ಜಾಗಕ್ಕೇ ವಾಪಸ್ ಇಡು. ಓದಿದವರು ಎನ್ನುವಲ್ಲಿ ಇಬ್ಬರ ಹೆಸರೂ ಬರಲಿ. ಮೇಷ್ಟ್ರಿಗೆ ಹೇಳು, ಅವರು ಕೇಳಿದ ಪ್ರಶ್ನೆಗೆ ಉತ್ತರ ಹೌದು. ಪ್ರಕಾಶಕರು ಕುಣಿದಾಡುತ್ತಾರೆ ಮೇಡಂ, ಎಂದು ಉತ್ತರ ಬಂತು. ಕುಣಿಯಲಿ.

ಇವರು ಅಂಗಡಿಗೆ ಹೋಗಿದ್ದಾರೆ. ಇನ್ನೂ ಒಂದು ಮಾತೂ ಖರ್ಚು ಮಾಡಿಲ್ಲ. ಬಾಗಿಲಿಗೆ ಬಂದ ಪೇಪರಿನವನಿಗೂ ಕೈಯಲ್ಲೇ ಹೇಳಿ ಕಳಿಸಿದೆ. ಬಿಸಿನೀರು ಒಂದು ಲೋಟ ಕುಡಿದೆ. ಹೇಗೆ ಶುರು ಮಾಡುವುದು? ಅಜ್ಜನ ಹತ್ತಿರ ಇದಕ್ಕೆ ಸಾಲಿಲ್ಲ, ಹುಡುಕಿದೆ.

ಹೆಸರು ಹಿಡಿದು ಕರೆಯುತ್ತೇನೆ. ಆಮೇಲೆ, ಅಮ್ಮ ನಿನಗೇ ಹೇಳಿದ್ದು ಕಣೇ, ಎನ್ನುತ್ತೇನೆ. ಉಳಿದದ್ದು ಬಂದ ಹಾಗೆ.

ನಂಬರ್ ಗೊತ್ತಿಲ್ಲ ನನಗೆ. ಇವರ ಹಳೇ ಡೈರಿಯಲ್ಲಿ ‘ಮಂಡಿ’ ಎಂದು ಬರೆದಿಟ್ಟಿದ್ದಾರೆ. ಒತ್ತಿದೆ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದೇನೆ, ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರಿಂಗ್ ಆಗುತ್ತಿದೆ… ಇನ್ನೂ ಆಗುತ್ತಿದೆ…

ಎತ್ತಿದಳು. ಇನ್ನೂ ಹಲೋ ಎಂದಿಲ್ಲ. ಆ ಸಣ್ಣ ಉಸಿರು —